ಐದು ಪದರ ಬಣ್ಣದ ತೊಟ್ಟಿಲು

ಹರಿಹರದ ಬಡೇಸಾಬರಿಗೆ ಯಾರಾದರೂ ಕೆಲಸದ ಬಗ್ಗೆ ಬುದ್ಧಿ ಹೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚಕ್ಕೆ ಪಾಲಿಶ್ ಹಾಕಿದ ಕೈ ಅದು. ಆ ಕೈಗೆ ಪಾಠ ಹೇಳುವವರು ತುಂಗಭದ್ರೆಯ ಈ ದಡದಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ಅವರು ನಂಬಿದ್ದರು.

ಮಗಳು ಫಿರ್ದೌಸ್ ಎರಡನೇ ಹೆರಿಗೆಗೆಂದು ದಾವಣಗೆರೆಯ ಗಂಡನ ಮನೆಯಿಂದ ಬಂದಿದ್ದಳು. ಜೊತೆಗೆ ಒಂದೂವರೆ ವರ್ಷದ ರುಮಾನಾ. ದಿನವಿಡೀ ‘ನಾನಾ, ನಾನಾ’ ಎಂದು ಅಜ್ಜನನ್ನು ಕರೆಯುತ್ತ ಅವರ ಲುಂಗಿ ಹಿಡಿದು ತಿರುಗುವ ಮಗು. ಹೊಸ ಕೂಸಿಗಾಗಿ ಅಟ್ಟದಿಂದ ತೊಟ್ಟಿಲು ಇಳಿಯಿತು. ಬಡೇಸಾಬರ ತಂದೆ ಮಾಡಿದ ಸಾಗುವಾನಿ ತೊಟ್ಟಿಲು. ಆ ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಅದಕ್ಕೊಂದು ಹೊಸ ಬಣ್ಣ. ಹಸಿರಿನ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ, ಹೀಗೆ ಐದು ಪದರ. ಈ ಸಲ ಎಲ್ಲವನ್ನೂ ಉಜ್ಜಿ ತೆಗೆದು, ಸಾಗುವಾನಿಯ ಮೈ ಕಾಣುವಂತೆ ವಾರ್ನಿಷ್ ಹೊಡೆಯಬೇಕೆಂದು ಅಜ್ಜನ ಆಸೆ.

ನಡುಮನೆಯ ಬಾಗಿಲು ಕಿಟಕಿ ಮುಚ್ಚಿ, ಬಣ್ಣ ಉಜ್ಜಲು ಉಪ್ಪುಕಾಗದ ಹಿಡಿದು ಕೂತರು. ಬೀದಿಯ ಧೂಳು ಪಾಲಿಶ್ ಮೇಲೆ ಕೂರಬಾರದು, ಅದಕ್ಕೇ ಬಾಗಿಲು ಮುಚ್ಚು ಎಂಬುದು ಅವರು ಕಲಿತ ಕಸುಬು. ಒಳಗಿನ ಧೂಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಕಲಿಸಿರಲಿಲ್ಲ.

ಮೂರನೇ ದಿನ ಆಶಾ ಕಾರ್ಯಕರ್ತೆ ಭಾಗ್ಯಲಕ್ಷ್ಮಿ ಬಸುರಿಯನ್ನು ನೋಡಲು ಬಂದವರು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಚಾಚಾ, ಏನ್ರಿ ಇದು? ಹಳೇ ಬಣ್ಣದಾಗೆ ಸೀಸದ ವಿಷ ಇರಬೌದು. ಒಣಾ ಉಜ್ಜಿದ್ರೆ ಧೂಳಾಗಿ ಮನೀ ತುಂಬಾ ಕೂರ್ತದೆ. ಕೂಸು ನೆಲದ ಮ್ಯಾಲೆ ಆಡಿ ಕೈ ಬಾಯಿಗೆ ಹಾಕ್ತದೆ. ಮಗಳು ಬ್ಯಾರೆ ಬಸುರಿ. ಬ್ಯಾಡ್ರಿ.”

“ನಲವತ್ತು ವರ್ಷ ಉಜ್ಜೀನಿ ಕಣವ್ವ. ನಂಗೇನಾಗೈತೆ? ಗುಂಡುಕಲ್ಲಿನಂಗೆ ಇದೀನಿ!”

“ನೀವು ದೊಡ್ಡೋರು. ಕೂಸಿಗೆ ಚೂರು ಸೀಸಾನೂ ಭಾಳ ಆತು. ಉಜ್ಜಲೇಬೇಕಂದ್ರೆ ಇವರನ್ನ ದೂರ ಕಳಿಸಿ, ಹೊರಗೆ ಕುಂತು ನೀರು ಹಚ್ಚಿ ಉಜ್ರಿ.”

“ನೀರಾ?” ಬಡೇಸಾಬ್ ಗಹಗಹಿಸಿ ನಕ್ಕರು. “ನೀರು ತಾಗಿದ್ರೆ ಮರದ ಎಳೆ ಎದ್ದು ನಿಲ್ತವೆ. ನೀವು ಪೋಲಿಯೋ ಹನಿ ಹಾಕ್ರಿ, ಮರದ ಸುದ್ದಿ ನಮಗೆ ಬಿಡ್ರಿ.”

“ಹೊರಗಾದ್ರೂ ಕೂಡ್ರಿ,” ಎಂದ ಹೆಂಡತಿ ಖತೀಜಾಬೀಗೂ ಗದರಿಕೆಯೇ ಸಿಕ್ಕಿತು. ಪಾಪ, ಆಕೆ ದಿನಾ ಕಸಬರಿಗೆ ಹಿಡಿದು ಗುಡಿಸಿದರು. ಗುಡಿಸಿದಷ್ಟೂ ಧೂಳು ಎದ್ದಿತು. ರುಮಾನಾ ತೊಟ್ಟಿಲ ಪಕ್ಕ ಕೂತು ಹಳದಿ ಪುಡಿಯಲ್ಲಿ ಬೆರಳಾಡಿಸಿದಳು, ಅದೇ ಬೆರಳಲ್ಲಿ ಬಿಸ್ಕತ್ತು ತಿಂದಳು. ಅಜ್ಜ ನೋಡಿದರು, ನೋಡಿ ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ಅವರು ಅನ್ನದ ತಟ್ಟೆ ಬಿಟ್ಟು ಏಳುತ್ತಾರೆ.

ತಿಂಗಳೊಪ್ಪತ್ತಿನಲ್ಲಿ ಮಗು ಊಟ ಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ಅತ್ತಿತು. ದೃಷ್ಟಿ ತೆಗೆದರು, ಗ್ರೈಪ್ ವಾಟರ್ ಕುಡಿಸಿದರು. ಕಲಿತ ಮಾತುಗಳು ಒಂದೊಂದಾಗಿ ನಿಂತವು. ಕೊನೆಗೆ ನಿಂತದ್ದು ‘ನಾನಾ’.

ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. “ರಕ್ತದಲ್ಲಿ ಸೀಸ ಬಹಳ ಇದೆ. ಮನೇಲಿ ಹಳೇ ಪೇಂಟ್ ಉಜ್ಜಿದ್ರಾ?” ಎಂದು ಡಾಕ್ಟರ್ ಕೇಳಿದರು. ಬಡೇಸಾಬ್ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

“ನಾನೇ ಉಜ್ಜಿದ್ದು. ಹುಷಾರಾಗ್ತಾಳಲ್ರಿ?”

“ರಕ್ತದಲ್ಲಿರೋದನ್ನ ಇಳಿಸೋಕೆ ನೋಡ್ತೀವಿ. ಮೆದುಳಿಗೆ ಬಿದ್ದ ಪೆಟ್ಟು ಎಷ್ಟು ವಾಸಿ ಆಗುತ್ತೋ, ಭರವಸೆ ಕೊಡೋಕಾಗಲ್ಲ.”

ಅಳಿಯ ರಿಯಾಜ್ ಬೈಯಲಿಲ್ಲ. “ಹೆರಿಗೆ ಇಲ್ಲೇ ಆಗ್ಲಿ ಮಾಮೂ. ಆ ಮನೀಗೆ ಇವರನ್ನ ಕಳ್ಸಲ್ಲ,” ಎಂದಷ್ಟೇ ಹೇಳಿದ. ಬೈದಿದ್ದರೇ ಚೆನ್ನಾಗಿತ್ತು.

ಹರಿಹರಕ್ಕೆ ಬಂದವರೇ ಬಡೇಸಾಬ್ ತೊಟ್ಟಿಲನ್ನು ಹಿತ್ತಲಿಗೆ ಎಳೆದು ಬೆಂಕಿಪೊಟ್ಟಣ ತೆಗೆದರು. ಖತೀಜಾಬೀ ಭಾಗ್ಯಲಕ್ಷ್ಮಿಯನ್ನು ಕೂಗಿ ಕರೆದರು.

“ಸುಡಬ್ಯಾಡ್ರಿ ಚಾಚಾ! ಹೊಗೆಯಾಗೂ ಸೀಸ ಇರ್ತದೆ. ಓಣಿ ಕೂಸುಗಳು ಉಸಿರಾಡ್ತವೆ.”

ಬಡೇಸಾಬರ ಕೈ ನಿಂತಿತು. “ಹಂಗಾರೆ ಏನು ಮಾಡ್ಲಿ, ಹೇಳವ್ವ. ನೀ ಹೇಳಿದಂಗೇ ಮಾಡ್ತೀನಿ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಭಾಗ್ಯಲಕ್ಷ್ಮಿ ಹೇಳಿದಂತೆ ತೊಟ್ಟಿಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಟ್ಟಿದರು. ಮೂಗಿಗೆ ಮಾಸ್ಕ್ ಹಾಕಿಕೊಂಡು, ಯಾರ ಬುದ್ಧಿಮಾತನ್ನೂ ಕೇಳದ ಆ ಮನುಷ್ಯ ಮೊಣಕಾಲೂರಿ ಒದ್ದೆ ಬಟ್ಟೆಯಿಂದ ಇಡೀ ಮನೆ ಒರೆಸಿದರು.

ಈಗ ರುಮಾನಾಗೆ ತಮ್ಮ ಹುಟ್ಟಿದ್ದಾನೆ. ಅವನು ದಾವಣಗೆರೆಯಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗುತ್ತಾನೆ. ಬಡೇಸಾಬ್ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಮೊಮ್ಮಗಳ ಎದುರು ಕೂರುತ್ತಾರೆ. “ನಾನಾ ಅನ್ನು ಬೇಟಾ,” ಎನ್ನುತ್ತಾರೆ. ಅವಳು ಅವರ ಬೆರಳು ಹಿಡಿದು ಸುಮ್ಮನೆ ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ತೊಟ್ಟಿಲೋ ಮಂಚವೋ ಇದ್ದೀತು. ಅದರ ಹಳೆಯ ಬಣ್ಣವನ್ನು ನೀರು ಹಚ್ಚದೆ ಉಜ್ಜಬೇಡಿ, ಸುಡಬೇಡಿ. ಮಕ್ಕಳು, ಬಸುರಿಯರು ಇರುವಲ್ಲಂತೂ ಆ ಕೆಲಸಕ್ಕೆ ಕೈ ಹಾಕಲೇಬೇಡಿ. ಹೊಸ ಬಣ್ಣ ಕೊಳ್ಳುವಾಗ ಸೀಸ ಇಲ್ಲದ್ದನ್ನೇ ಕೇಳಿ ಪಡೆಯಿರಿ. ಧೂಳು ಮಗುವಿನ ಬಾಯಿಗೆ ಹೋಗಿದೆ ಎಂಬ ಅನುಮಾನ ಬಂದರೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿ. ಭಾಗ್ಯಲಕ್ಷ್ಮಿಯಂಥವರು ನಿಮ್ಮ ಬಾಗಿಲಲ್ಲಿ ನಿಂತು ‘ಬ್ಯಾಡ್ರಿ’ ಎಂದರೆ, ನಗಬೇಡಿ. ಅವತ್ತೇ ಕೇಳಿ.