ಕಂಬದೊಳಗಿನ ಚೀಲ

"ಏನೇ ಮೊಂಡಿ, ಆ ಕಂಬ ಏನು ನಿನ್ನ ಗಂಡನಾ, ತಬ್ಬಿಕೊಂಡು ಕೂತಿದ್ದೀಯಲ್ಲ. ಮೆತ್ತೇ ಮುಂಡೆ, ಮೆತ್ತು."

ಮೇಸ್ತ್ರಿಯ ಬಾಯಲ್ಲಿ ಇಷ್ಟು ಬಂದರೆ ಅದು ಬೈಗುಳವಲ್ಲ, ಬೆಳಗಿನ ನಮಸ್ಕಾರ. ಮೊಂಡಿ ತಿರುಗಿ ನೋಡಲಿಲ್ಲ. ಅವಳು ಕಂಬವನ್ನು ತಬ್ಬಿಕೊಂಡಿರಲಿಲ್ಲ, ಅದರೊಳಕ್ಕೆ ಮೊಣಕೈವರೆಗೆ ಕೈ ತೂರಿಸಿದ್ದಳು. ನಾಲ್ಕನೇ ಮಹಡಿಯ ಮೂಲೆ ಮನೆ. ಅಡುಗೆ ಕಟ್ಟೆಗೂ ಬಾಗಿಲಿಗೂ ನಡುವೆ ನಿಂತ ಆ ಕಂಬದ ಅಚ್ಚಿನ ಹಲಗೆ ಬಿಚ್ಚಿದಾಗ, ಬುಡದಲ್ಲಿ ಒಂದು ಮೊಳದಷ್ಟು ಕಾಂಕ್ರೀಟೇ ಇರಲಿಲ್ಲ. ಕಂಬಿಗಳು ಬಡಕಲು ದನದ ಪಕ್ಕೆಲುಬಿನ ಹಾಗೆ ಹೊರಗೆ ಕಾಣುತ್ತಿದ್ದವು. ಒಡೆದು ಮತ್ತೆ ಹಾಕಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ತಪಾಸಣೆಯವರು ಮಧ್ಯಾಹ್ನಕ್ಕೇ ಬರುವವರಿದ್ದರು. ಮೇಸ್ತ್ರಿ ಖಾಲಿ ಸಿಮೆಂಟ್ ಚೀಲಗಳನ್ನು ತರಿಸಿ, ಬೂಟುಗಾಲಿನಿಂದ ಒದ್ದು ಒದ್ದು ಆ ಟೊಳ್ಳಿಗೆ ತುರುಕಿದ್ದ. ಮೇಲೊಂದು ಜಾಲರಿ ಬಡಿದು, ಗಾರೆ ಮೆತ್ತಲು ಮೊಂಡಿಯನ್ನು ಕರೆದಿದ್ದ. ಅವಳ ಕೈ ಮೆತ್ತಿದರೆ ಗೋಡೆ ಕನ್ನಡಿ ಅಂತ ಹೆಸರಿತ್ತು.

ಇದು ನಿಲ್ಲಲ್ಲ ಅಂತ ಅವಳು ಒಂದು ಮಾತು ಅಂದಳು.

"ನಿಲ್ಲೋ ಕಂಬ ನಿನ್ನಪ್ಪನ ಮನೇಲಿ ಹುಡುಕು. ಇದರಲ್ಲಿ ನೀನಿರ್ತೀಯಾ? ನಾನಿರ್ತೀನಾ?"

ಅದು ನಿಜವಾಗಿತ್ತು. ಅವಳು ಚೀಲಗಳ ಮೇಲೆ ಗಾರೆ ಎರಚಿ, ಕರಣೆಯಿಂದ ಎಳೆದು, ಮಟ್ಟಗೋಲು ಆಡಿಸಿ, ಒದ್ದೆ ಸ್ಪಂಜಿನಿಂದ ಉಜ್ಜಿದಳು. ಯಾರಿರುತ್ತಾರೋ ಪಾಪ ಅಂತ ಒಂದು ಸಲ ಅನ್ನಿಸಿತು. ಬಿಸಿಲು ಏರುತ್ತಿತ್ತು, ಇನ್ನೂ ಮೂರು ಗೋಡೆ ಬಾಕಿಯಿತ್ತು.

ಗಾರೆಯವರಲ್ಲಿ ಒಂದು ರೂಢಿ. ಮೆತ್ತಿದ್ದು ಹಸಿಯಿರುವಾಗಲೇ ಬುಡದ ಬಲಮೂಲೆಯಲ್ಲಿ ಹೆಬ್ಬೆರಳು ಒತ್ತಬೇಕು. ಸಂಜೆ ಟೇಪು ಹಿಡಿದು ಅಳತೆಯವನು ಬಂದಾಗ ಯಾರ ಗೋಡೆ ಯಾವುದೆಂದು ಜಗಳವಾಗಬಾರದು. ಒಬ್ಬಳು ಎರಡು ಸಲ ಒತ್ತುತ್ತಾಳೆ, ಇನ್ನೊಬ್ಬಳು ಅಡ್ಡಡ್ಡ ಒತ್ತುತ್ತಾಳೆ. ಮೊಂಡಿಗೆ ಆ ತಾಪತ್ರಯವಿಲ್ಲ. ಟೈಲ್ಸು ಕೊಯ್ಯುವ ಯಂತ್ರ ಅವಳ ಹೆಬ್ಬೆರಳ ತುದಿಯನ್ನು ಓರೆಯಾಗಿ ತಿಂದುಹಾಕಿತ್ತು. ಹೆಸರು ಬಂದದ್ದೂ ಅದರಿಂದಲೇ. ಆ ಗುರುತು ಇಡೀ ಕೆಲಸದಲ್ಲಿ ಅವಳೊಬ್ಬಳದೇ. ಕಂಬದ ಬುಡಕ್ಕೆ ಅದನ್ನು ಒತ್ತಿ, ಕೈ ತೊಳೆದುಕೊಂಡು, ಮುಂದಿನ ಗೋಡೆಗೆ ಹೋದಳು.

ವರ್ಷ ತಿರುಗಿತು. ಕಟ್ಟಡಕ್ಕೆ ಹಳದಿ ಬಣ್ಣ ಬಂತು, ಹೊರಗೆ ದೊಡ್ಡ ಫಲಕ ಬಂತು, ಕೊನೆಗೆ ಕೆಲಸಗಾರರ ತಗಡಿನ ಶೆಡ್ಡುಗಳಿಗೆ ನೋಟಿಸು ಬಂತು. ಹದಿನೈದು ದಿನಕ್ಕೆ ಜಾಗ ಖಾಲಿ ಮಾಡಬೇಕು. ಜೊತೆಗೇ ಒಂದು ಉಪಕಾರ: ಬಡವರಿಗೆಂದು ಕಟ್ಟಿದ ಈ ಮನೆಗಳನ್ನು ಕೊಳ್ಳಲು ಕೆಲಸಗಾರರಿಗೂ ಅವಕಾಶವಿದೆ, ಕಂತು ಕೂಲಿಯಲ್ಲೇ ಹಿಡಿದುಕೊಳ್ಳುತ್ತಾರೆ.

ಮೊಂಡಿಯ ಮನೆಯವರು ಹೆಸರು ಬರೆಸಿದ ಮರುದಿನವೇ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಸರ್ವೆಗೆ ಬಂದಳು. ಒಳ್ಳೆಯ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ನೀರು ಕುಡಿದು, ಮನೆ ಕೊಳ್ಳುವ ನಿಮ್ಮ ನಿರ್ಧಾರದ ಮೇಲೆ ಯಾವ ಯಾವ ಅಂಶಗಳು ಪ್ರಭಾವ ಬೀರಿವೆ ಅಂತ ಕೇಳಿದಳು. ಸ್ಥಳ, ಬೆಲೆ, ವಿಸ್ತೀರ್ಣ, ಗುಣಮಟ್ಟ, ನೆರೆಹೊರೆ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು.

ಮೊಂಡಿಯ ಗಂಡ ಕಂಬಿ ಕಟ್ಟುವವನು, ಮಾತು ಕಡಿಮೆ. ಅವನು ಚಾವಣಿಯ ತಗಡು ನೋಡುತ್ತಾ ಕೂತ. ಮಾತಾಡಿದ್ದು ಮಂಡಿ ಹಿಡಿದುಹೋಗಿದ್ದ ಅತ್ತೆ.

"ಶೆಡ್ಡು ಒಡೀತಾರೆ ಅನ್ನೋದು ಇದರಲ್ಲಿ ಎಲ್ಲಿದೆ ಮಗಾ?"

ಹುಡುಗಿ ಪರದೆಯ ಮೇಲೆ ಬೆರಳಾಡಿಸಿ ಹುಡುಕಿದಳು. ಇರಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು, ಅದನ್ನು ಸ್ಥಳದ ಕೆಳಗೆ ಬರ್ಕೊಳ್ಳಲಾ ಅಜ್ಜಿ, ಅಂದಳು.

"ಬರ್ಕೋ. ಐದಕ್ಕೆ ಐದು ಕೊಡು. ಯಾಕೆ ಜಿಪುಣತನ."

ಚೀಟಿ ಎತ್ತಿದರು. ಇವರಿಗೆ ಬಂದದ್ದು ನಾಲ್ಕನೇ ಮಹಡಿ. ಯಾವ ಮೂಲೆ ಅಂತ ಚೀಟಿಯಲ್ಲಿ ಇರಲಿಲ್ಲ, ನಂಬರು ಮಾತ್ರ. ಮನೆ ನೋಡಲು ಬಿಟ್ಟ ದಿನ ಗಂಡ ಅವ್ವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಅವಳು ದಾರಿಯುದ್ದಕ್ಕೂ ಮೆಲ್ಲಗೆ ಹೋಗೋ ಕತ್ತೆ, ನಿನ್ನನ್ನ ಒಂಬತ್ತು ತಿಂಗಳು ಹೊತ್ತಾಗ ನಾನು ಹೀಗೆ ಕುಲುಕಿಸಿದ್ದೆನಾ ಅಂತ ಗೊಣಗಿದಳು. ಮೇಲೆ ಹೋದ ಮೇಲೆ ಗೊಣಗಾಟ ನಿಂತಿತು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವಳು ನೆಲದ ತಣ್ಣಗಿನ ಟೈಲ್ಸನ್ನು ಅಂಗೈಯಿಂದ ಸವರಿದಳು, ಮತ್ತೆ ಸವರಿದಳು. ಗಂಡ ನಲ್ಲಿ ತಿರುಗಿಸಿದ, ನೀರು ಬಂತು, ನಿಲ್ಲಿಸಿದ, ಮತ್ತೆ ತಿರುಗಿಸಿದ. ತಾಯಿ ಮಗ ಇಬ್ಬರೂ ಇಷ್ಟು ಹೊತ್ತು ಜೊತೆಯಲ್ಲಿ ನಕ್ಕದ್ದನ್ನು ಮೊಂಡಿ ಹಿಂದೆಂದೂ ನೋಡಿರಲಿಲ್ಲ.

ಅವಳು ಅಡುಗೆ ಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಹಳದಿ ಬಣ್ಣದ ಕೆಳಗೆ, ಕಂಬದ ಬುಡದಲ್ಲಿ, ಒಂದು ಕುಳಿ. ಒಂದು ಕಡೆ ದುಂಡು, ಒಂದು ಕಡೆ ಓರೆ. ಹೆಬ್ಬೆರಳು ಇಟ್ಟು ನೋಡಿದಳು. ಒರೆಗೆ ಕತ್ತಿ ಕೂತ ಹಾಗೆ ಕೂತಿತು. ಬೆರಳ ಗೆಣ್ಣಿನಿಂದ ಗೋಡೆ ಬಡಿದಳು: ಟಕ್. ಕಂಬ ಬಡಿದಳು: ಡಬ್.

ಆ ಸದ್ದಿಗೆ ಗಂಡ ನಲ್ಲಿ ನಿಲ್ಲಿಸಿದ.

ಹೊರಗಿನ ಮೊಗಸಾಲೆಗೆ ಬಂದು, ಅತ್ತೆಗೆ ಕೇಳದ ಹಾಗೆ ಅವಳು ಎಲ್ಲವನ್ನೂ ಹೇಳಿದಳು. ತನಗೂ ಒಂದು ಗೊತ್ತು ಅಂದ ಅವನು. ಆ ಕಂಬಕ್ಕೆ ಕಂಬಿ ಕಟ್ಟಿದ್ದು ತಾನೇ, ಎಂಟು ಇರಬೇಕಾದಲ್ಲಿ ಐದು ಕೊಟ್ಟಿದ್ದರು, ಅಷ್ಟನ್ನೇ ಕಟ್ಟಿದ್ದ.

"ಮತ್ತೆ ಬಾಯಲ್ಲಿ ಏನು ಇಟ್ಟುಕೊಂಡಿದ್ದೆ?"

"ನೀನೇನು ಇಟ್ಟುಕೊಂಡಿದ್ದೆ?" ಅಂದ ಅವನು. ಒಳಗೆ ಅತ್ತೆ ಇನ್ನೂ ನೆಲ ಸವರುತ್ತಿದ್ದಳು. "ಐದು ಕಂಬಿ ಇದೆಯಲ್ಲ. ಶೆಡ್ಡಲ್ಲಿ ಒಂದೂ ಇಲ್ಲ. ಸುಮ್ಮನೆ ಒತ್ತೋಣ ಹೆಬ್ಬೆಟ್ಟು."

ಮೊಂಡಿ ಆಫೀಸಿಗೆ ಹೋದಳು. ಸಾಹೇಬರು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕೇಳಿದರು. ಬೇರೆ ಮನೆ ಕೊಡಿ, ಇದರ ಕಂಬ ಟೊಳ್ಳು ಅಂತ ಅವಳು ಹೇಳಿ ಮುಗಿಸುವವರೆಗೂ ಕಡ್ಡಿ ತೆಗೆಯಲಿಲ್ಲ.

"ನಿನಗೆ ಹೇಗೆ ಗೊತ್ತು?"

"ನಾನೇ ಮೆತ್ತಿದ್ದು ಸಾಮಿ."

"ಓ. ಹಾಗಾದ್ರೆ ಕೇಸು ಹಾಕಬೇಕಾದ್ದು ನಿನ್ನ ಮೇಲೇ. ಹಾಕಲಾ?"

ಬೇಡ ಅಂದವರ ಹೆಸರು ಪಟ್ಟಿಯಿಂದ ಶಾಶ್ವತವಾಗಿ ಹೋಗುತ್ತದೆ, ಆ ಮನೆ ಮುಂದಿನವರಿಗೆ ಹೋಗುತ್ತದೆ ಅಂತ ಸಾಹೇಬರು ತಿಳಿಸಿದರು. ಮುಂದಿನ ಹೆಸರು ಅವಳ ಪಕ್ಕದ ಶೆಡ್ಡಿನವಳದು, ಐದು ತಿಂಗಳ ಬಸುರಿ. ತಿರುಗಿ ಹೊರಟವಳನ್ನು ಅವರು ಮತ್ತೆ ಕರೆದರು. ಮುಖದಲ್ಲಿ ಹೊಸ ಕಳೆ ಬಂದಿತ್ತು. ಕಟ್ಟಿದವಳು ನೀನೇನಾ? ಹಾಗಾದರೆ ಹಸ್ತಾಂತರದ ದಿನ ಮೊದಲ ಮನೆ ನಿನ್ನದೇ. ಕ್ಯಾಮೆರಾದವರು ಬರುತ್ತಾರೆ. ಒಳ್ಳೆ ಸೀರೆ ಉಟ್ಟುಕೊಂಡು ಬಾ, ಕೈಯಲ್ಲಿ ಕರಣೆ ಇರಲಿ. ಕಟ್ಟಿದವಳೇ ಮನೆ ಒಡತಿ ಅಂತ ಪೇಪರಿನಲ್ಲಿ ಹಾಕಿಸೋಣ.

ಆ ದಿನ ಬೆಳಗ್ಗೆಯೇ ಶೆಡ್ಡಿನ ಸಾಲಿನ ಮುಂದೆ ಒಡೆಯುವ ಹಳದಿ ಯಂತ್ರ ಬಂದು ನಿಂತಿತು. ಮೆಟ್ಟಿಲ ಮೇಲೆ ಮತ್ತೆ ಹೊರಲಾರೆನೆಂದು ಗಂಡ ಅವ್ವನನ್ನು ಹೊರಗೆ ಪಾತ್ರೆಗಂಟಿನ ಮೇಲೆ ಕೂರಿಸಿ ಬಂದಿದ್ದ. ನಾಲ್ಕನೇ ಮಹಡಿಯ ಕಿಟಕಿಯಿಂದ ನೋಡಿದರೆ ಯಂತ್ರದ ತೋಳೂ ಅತ್ತೆಯ ನರೆತ ತಲೆಯೂ ಒಟ್ಟಿಗೆ ಕಾಣುತ್ತಿದ್ದವು.

ಮನೆಯ ತುಂಬ ಜನ. ಸಾಹೇಬರು, ಹೊಸ ಅಂಗಿ ತೊಟ್ಟ ಮೇಸ್ತ್ರಿ, ಕ್ಯಾಮೆರಾದವನು, ಸರ್ವೆ ಹುಡುಗಿ. ಮೊಗಸಾಲೆಯಿಂದ ಮೆಟ್ಟಿಲವರೆಗೆ ಫಾರಂ ಹಿಡಿದ ಶೆಡ್ಡಿನವರ ಸಾಲು. ಪೂರ್ಣ ಪರಿಶೀಲಿಸಿ ತೃಪ್ತಿಯಿಂದ ಸ್ವೀಕರಿಸಿದ್ದೇನೆ ಅಂತ ಫಾರಮ್ಮಿನಲ್ಲಿತ್ತು. ಗುಮಾಸ್ತ ಅವಳ ಹೆಬ್ಬೆರಳನ್ನು ಹಿಡಿದು ಮಸಿಗೆ ಅದ್ದಿದ. ಕ್ಯಾಮೆರಾದವನು ಒಂದು ನಿಮಿಷ ಅಂದ. ಒತ್ತುವ ಮೊದಲು ಒಂದು ಚಿತ್ರ ಬೇಕು, ಕರಣೆ ಹಿಡಿದು, ಏನಾದರೂ ಕೆಲಸ ಮಾಡುವ ಹಾಗೆ.

"ಆ ಕಂಬದ ಹತ್ರ ನಿಲ್ಲು," ಅಂದರು ಸಾಹೇಬರು. "ಸ್ವಲ್ಪ ನಗು."

ಮೇಸ್ತ್ರಿ ನಡುವೆ ಬಂದ. ಕಿಟಕಿ ಹತ್ರ ಬೆಳಕು ಚೆನ್ನಾಗಿದೆ ಸಾರ್ ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೊಂಡಿ ಗಂಡನ ಕಡೆ ನೋಡಿದಳು. ಅವನು ಕಿಟಕಿಯಿಂದ ಕೆಳಗೆ ತನ್ನ ಅವ್ವನನ್ನು ನೋಡುತ್ತಿದ್ದ. ಬಾಗಿಲಲ್ಲಿ ಬಸುರಿ ಪಕ್ಕದವಳು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. ಮೊಂಡಿ ಈ ಮನೆ ಬಿಡದ್ದರಿಂದ ಅವಳಿಗೆ ಬಂದದ್ದು ಇದೇ ಕಂಬದ ನೇರ ಕೆಳಗಿನ ಮನೆ.

ಮೊಂಡಿ ಕುಕ್ಕರುಗಾಲಲ್ಲಿ ಕೂತು ಕರಣೆಯ ಮೊನೆಯನ್ನು ತನ್ನ ಗುರುತಿನ ಮೇಲಿಟ್ಟು ಎರಡೂ ಕೈಯಿಂದ ಚುಚ್ಚಿದಳು. ಅವಳದೇ ಕೆಲಸ, ಗಟ್ಟಿಯಾಗಿತ್ತು. ಮೂರನೇ ಏಟಿಗೆ ಬಿರಿಯಿತು. ಗಾರೆ ಹಪ್ಪಳ ಹಪ್ಪಳವಾಗಿ ಟೈಲ್ಸಿನ ಮೇಲೆ ಬಿತ್ತು. ಜಾಲರಿಯ ಹಿಂದೆ ಕೈ ಹಾಕಿ ಎಳೆದಳು. ಒಂದು ಚೀಲ ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಯಾರೋ ಉಂಡು ಎಸೆದ ಪೊಟ್ಟಣ, ಅದರ ಹಿಂದೆ ತುಕ್ಕು ಹಿಡಿದ ಐದು ಕಂಬಿ.

"ಬೇವರ್ಸಿ, ನಿನ್ನ ಮನೇನ ನೀನೇ ಹಾಳು ಮಾಡ್ಕೊಂಡೆಯಲ್ಲೇ," ಅಂದ ಮೇಸ್ತ್ರಿ.

ಸಾಹೇಬರು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದರು. ಇದು ಇದೊಂದು ಮನೆಯ ವಿಷಯ, ಸಂಜೆಯೊಳಗೆ ಮುಚ್ಚಿಸಲಾಗುತ್ತದೆ, ಉಳಿದವರು ಸಾಲಿನಲ್ಲೇ ಇರಿ ಅಂತ ಮೆಲ್ಲಗೆ, ಮರ್ಯಾದೆಯಿಂದ ಹೇಳಿದರು. ಸಾಲು ಕದಲಲಿಲ್ಲ. ಯಾರ ಕೈಯಿಂದಲೂ ಫಾರಂ ಬೀಳಲಿಲ್ಲ. ಎಲ್ಲಿಗೆ ಹೋಗುತ್ತಾರೆ. ಸರ್ವೆ ಹುಡುಗಿ ಪರದೆ ನೋಡುತ್ತಿದ್ದಳು. ಗುಣಮಟ್ಟದ ಮುಂದೆ ಆಗಲೇ ಎಲ್ಲರ ಅಂಕವೂ ತುಂಬಿತ್ತು.

ಆಗ ಬಸುರಿ ಹೆಂಗಸು ಬಾಗಿಲ ಪಕ್ಕದ ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ಬಡಿದಳು. ಟಕ್. ಒಂದು ಹೆಜ್ಜೆ ಸರಿದು ಮತ್ತೆ ಬಡಿದಳು. ಅವಳ ಹಿಂದಿನವನು ಮೆಟ್ಟಿಲ ತಿರುವಿನ ಕಂಬ ಬಡಿದ. ಇಬ್ಬರು ಕೆಳಗಿಳಿದು ತಮ್ಮ ತಮ್ಮ ನಂಬರಿನ ಬಾಗಿಲು ಹೊಕ್ಕರು. ಮೂರನೇ ಮಹಡಿಯಲ್ಲಿ ಬಡಿಯುವುದು ಕೇಳಿಸಿತು, ಆಮೇಲೆ ಎರಡನೆಯದರಲ್ಲಿ, ಆಮೇಲೆ ಎಲ್ಲಿ ಅಂತ ಹೇಳಲಾಗದ ಹಾಗೆ ಇಡೀ ಕಟ್ಟಡದ ಒಳಗಿನಿಂದ. ಟಕ್, ಟಕ್, ಡಬ್. ಟಕ್. ಡಬ್, ಡಬ್. ಸಾಹೇಬರು ಸಾಲಿಗೆ ಬನ್ನಿ ಸಾಲಿಗೆ ಬನ್ನಿ ಅನ್ನುತ್ತಲೇ ಇದ್ದರು.

ಕೆಳಗೆ ಯಂತ್ರದ ಎಂಜಿನ್ನು ಶುರುವಾಯಿತು. ಅತ್ತೆ ಗಂಟಿನ ಮೇಲೆ ಕೂತೇ ಮುಖ ಮೇಲೆತ್ತಿ ಕಿಟಕಿಗಳನ್ನು ಎಣಿಸುತ್ತಿದ್ದಳು, ತಮ್ಮದು ಯಾವುದು ಅಂತ. ಗುಮಾಸ್ತ ಫಾರಂ ಹಿಡಿದು ಮೊಂಡಿಯ ಪಕ್ಕ ಇನ್ನೂ ಬಗ್ಗಿಯೇ ನಿಂತಿದ್ದ. ಅವಳು ಹೆಬ್ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡಿದ್ದಳು. ಮಸಿ ಒಣಗುತ್ತಿತ್ತು.