ಹಲಗೆ ಸಿಗದ ಹೆಣ

“ಆ ಸೂಳೆಮುಂಡೆ ಮೈ ಬಿದ್ದ ಹಲಗೆ ಮೇಲೆ ನಾಳೆ ನಮ್ಮಮ್ಮನ್ನ ಮಲಗಿಸ್ಬೇಕೇನೆ?”

ಎನ್ನುತ್ತ ಮಸೀದಿ ಕಮಿಟಿಯ ಅಧ್ಯಕ್ಷ ಕೋಣೆಗೆ ಬೀಗ ಜಡಿದ. ಹೆಣ ತೊಳೆಯುವ ಹಲಗೆ, ಹೊರುವ ಮಂಚ ಎರಡೂ ಒಳಗೇ ಉಳಿದವು. ಎದುರಿಗೆ ನಿಂತವಳು ಕರ್ಪೂರದಕ್ಕ. ಓಣಿಯಲ್ಲಿ ಸತ್ತ ಹೆಂಗಸರನ್ನೆಲ್ಲ ತೊಳೆದು ಬಿಳಿ ಬಟ್ಟೆ ಹೊದಿಸುವುದು ಅವಳ ಕೆಲಸ. ಮೈಗಂಟಿದ ಕರ್ಪೂರದ ವಾಸನೆ ಹೋಗುವುದೇ ಇಲ್ಲವೆಂದು ಆ ಹೆಸರು ಬಿದ್ದಿತ್ತು. ಸಾವಾದರೆ ಓಡಿ ಬಾ ಅಕ್ಕಾ ಎನ್ನುವವರೇ ಮದುವೆ ಮನೆಯಲ್ಲಿ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಈ ಸಲ ಅವಳು ತೊಳೆಯಬೇಕಾಗಿದ್ದುದು ಒಡಹುಟ್ಟಿದ ತಂಗಿಯನ್ನು.

ತಂಗಿ ಮಾಡಿದ ಘನಂದಾರಿ ತಪ್ಪು ಇಷ್ಟೆ: ಗಂಡ ಮೂರು ಸಲ ತಲಾಖ್ ಎಂದು ಬೀದಿಗೆ ತಳ್ಳಿದಾಗ, ಕಮಿಟಿಯವರ ತೀರ್ಪಿಗೆ ತಲೆಬಾಗದೆ ಕೋರ್ಟಿನ ಮೆಟ್ಟಿಲು ಹತ್ತಿದಳು. ಹೊಸದಾಗಿ ಬಂದಿದ್ದ ಮೌಲ್ವಿ, ದೇವರ ಕಾನೂನು ಬಿಟ್ಟವಳು ನಮ್ಮವಳೇ ಅಲ್ಲ ಎಂದು ಮೈಕಿನಲ್ಲಿ ಅಬ್ಬರಿಸಿದ. ಅವನ ಬೆನ್ನ ಹಿಂದೆ ತಿರುಗುವ ಪುಂಡರಿಗೆ ಅಷ್ಟು ಸಾಕಾಯಿತು. ವಿಚಾರಣೆಗೆ ಹೊರಟವಳನ್ನು ಬಸ್ ಸ್ಟಾಪಿನಲ್ಲೇ ಇರಿದರು. ಅಲ್ಲಿ ನಿಂತಿದ್ದವರಿಗೆಲ್ಲ ಅವತ್ತೇ ಕಣ್ಣು ಹೋಯಿತು ನೋಡಿ, ಯಾರಿಗೂ ಏನೂ ಕಾಣಲಿಲ್ಲವಂತೆ.

ಇನ್ಸ್‌ಪೆಕ್ಟರೋ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಆಸಾಮಿ. ಅಕ್ಕ ದೂರು ಕೊಡಲು ಹೋದಾಗ ನಿಮ್ಮ ಜನವೇ ಇಷ್ಟು ಎಂದು ಉಗಿದವನು, ಇದು ನಿಮ್ಮ ಧರ್ಮದ ವಿಷಯ, ನಾವು ಕೈಹಾಕಿದರೆ ಊರು ಹೊತ್ತಿಕೊಳ್ಳುತ್ತದೆ ಎಂದು ಅದೇ ಬಾಯಲ್ಲಿ ಹೇಳಿದ್ದ.

“ಚಾಕು ಹಾಕಿದ್ದು ಯಾವ ಧರ್ಮದ ವಿಷ್ಯ ಸಾರ್?” ಎಂದು ಅಕ್ಕ ಕೇಳಿದ್ದಳು. ಅವನು ಮುಂದಿನವರನ್ನು ಕರೆದ.

ಬೀಗದ ಮುಂದೆ ಅಂಗಲಾಚಿ ಪ್ರಯೋಜನವಿಲ್ಲವೆಂದು ಅಕ್ಕ ಮನೆಗೆ ಬಂದಳು. ಹಾರೆ ಹಾಕಿ ತನ್ನ ಮನೆಯ ಬಾಗಿಲನ್ನೇ ಕಿತ್ತಳು. ಇದನ್ನು ಕಂಡು ಪಕ್ಕದ ಮನೆಯ ಬಟ್ಟೆ ಹೊಲಿಯುವವಳು ಓಡಿ ಬಂದಳು. ನಿನ್ನ ತಂಗಿಯನ್ನು ಮುಟ್ಟಿದವರಿಗೂ ಬಹಿಷ್ಕಾರವಂತೆ ಎಂದು ಹೆದರಿಸುತ್ತಲೇ ಬಾಗಿಲಿನ ಇನ್ನೊಂದು ತುದಿ ಹಿಡಿದಳು.

“ದೇವ್ರಿಗೆ ನಾನು ಉತ್ರ ಹೇಳ್ಕೋತೀನಿ, ನೀನು ಹಿಡಿ,” ಎಂದಳು ಅಕ್ಕ.

ಇಟ್ಟಿಗೆಗಳ ಮೇಲೆ ಬಾಗಿಲಿಟ್ಟು ತಂಗಿಯನ್ನು ಮಲಗಿಸಿದರು. ಅಕ್ಕ ಬಲಗಡೆಯಿಂದ ನೀರು ಹಾಕುತ್ತ ಬಂದಳು, ಇರಿದಲ್ಲೆಲ್ಲ ಹತ್ತಿ ತುಂಬಿದಳು. ಅಯ್ಯೋ ನನ್ನ ಕೂಸೇ ಎಂದು ಗೋಳೋ ಅತ್ತಳು. ಅಳುತ್ತಲೇ ಜಡೆ ಹೆಣೆದಳು.

ಹೊರಲು ಒಬ್ಬ ಗಂಡಸೂ ಬರಲಿಲ್ಲ. ಹೆಂಗಸರು ಹೆಣದ ಹಿಂದೆ ಹೋಗುವ ವಾಡಿಕೆಯೂ ಇಲ್ಲ. ಅಕ್ಕ, ಹೊಲಿಯುವವಳು, ಮನೆಮನೆ ಪಾತ್ರೆ ತಿಕ್ಕುವ ಅತ್ತೆ-ಸೊಸೆ, ಹೀಗೆ ನಾಲ್ವರೂ ಬಾಗಿಲಿಗೆ ಹೆಗಲು ಕೊಟ್ಟರು. ಹೋಗಿ ನೋಡಿದರೆ ಖಬರಸ್ತಾನದ ಗೇಟನ್ನೂ ಒಳಗಿನಿಂದ ಮುಚ್ಚಿದ್ದರು. ರಸ್ತೆಯ ನಟ್ಟನಡುವೆ ಬಾಗಿಲಿಳಿಸಿ ಸುತ್ತ ಕೂತರು.

ಮಧ್ಯಾಹ್ನದ ನಮಾಜಿಗೆ ಹೊರಟಿದ್ದ ಮೌಲ್ವಿಯ ಕಾರು ಬಂದು ನಿಂತಿತು. ಅದರ ಹಿಂದೆ ಇನ್ಸ್‌ಪೆಕ್ಟರನ ಜೀಪು. ದಾರಿ ಬಿಡ್ರೇ ಎಂದು ಡ್ರೈವರ್ ಬೈದ. ಅಕ್ಕ ಎದ್ದು, ತಂಗಿಯ ಮುಖದ ಮೇಲಿನ ಬಟ್ಟೆ ಸರಿಸಿದಳು.

“ಗೇಟು ತೆಗೆಸಿ. ಇಲ್ಲಾಂದ್ರೆ ಇವಳ ಮೇಲೇ ಹತ್ತಿಸ್ಕೊಂಡು ಹೋಗಿ. ಅದಕ್ಕೂ ಏನಾದ್ರೂ ಕಾನೂನು ಇದ್ರೆ ಇಬ್ರೂ ಇಳಿದು ಬಂದು ಹೇಳಿ.”

ಇಬ್ಬರೂ ಇಳಿಯಲಿಲ್ಲ. ಹಾರ್ನ್ ಒಂದೇ ಸಮ ಕೂಗುತ್ತಿತ್ತು. ಬಿಸಿಲೇರಿದಂತೆ ನೊಣ ಮುತ್ತತೊಡಗಿದವು. ನಾಲ್ವರೂ ಸೆರಗಿನಿಂದ ನೊಣ ಓಡಿಸುತ್ತ ಅಲ್ಲೇ ಕೂತಿದ್ದರು.