ಐದು ಸಲ ತೊಳೆದ ಜೋಳ

ಥೂ! ಆ ಗುರುವಾರ ನೆನಪಾದರೆ ಇವತ್ತಿಗೂ ತಿಂದ ಕೂಳು ಗಂಟಲಿಗೆ ಬರುತ್ತದೆ. ಯಾರ ಮುಂದೆಯೂ ಹೇಳಬಾರದು ಅಂತಲೇ ಇದ್ದೆ. ಆದರೆ ನಮ್ಮೂರು ಕನ್ನೊಳ್ಳಿಯ ಮಂದಿ ತಮಗೆ ತಿಳಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಕೆಲವರಂತೂ ನನ್ನನ್ನು ಪುಣ್ಯವಂತೆ ಅನ್ನುತ್ತಾರೆ. ಅದನ್ನು ಕೇಳಿದರೆ ಇನ್ನೂ ಹೇಸಿಗೆ. ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ನಾನು ಶಮ್ಶುನ್ನೀಸಾ. ಊರ ಅಗಸಿ ಬಾಗಿಲಿನ ಪಕ್ಕದ ಹಿಟ್ಟಿನ ಗಿರಣಿ ನನ್ನದು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಬೀಸುವ ಕಲ್ಲಿಗೆ ಟಾಕಿ ಹೊಡೆದು ಹರಿತ ಮಾಡುವುದರಿಂದ ಹಿಡಿದು ಮೋಟಾರಿನ ಪಟ್ಟಾ ಏರಿಸುವವರೆಗೆ ಎಲ್ಲವೂ ನಾನೇ. ಬಾಯಿ ಜೋರು ಅಂತಾರೆ ಜನ. ಹೌದು, ಜೋರೇ. ಅಂಥ ಬಾಯಿ ಬೇಕಾದ ಹೊತ್ತಿಗೆ ಮುಚ್ಚಿಕೊಂಡು ಕೂತಿತ್ತು ನೋಡಿ, ನನಗೆ ಸಿಟ್ಟು ಅದಕ್ಕೆ.

ಸುನೀತಾ ನಮ್ಮೂರಿನ ರೊಟ್ಟಿ ಕೇಂದ್ರದ ಒಡತಿ. ಮನೆಯ ಹಿಂದಿನ ಪತ್ರಾಸು ತಗಡಿನ ಶೆಡ್ಡಿನಲ್ಲಿ ಆರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಡಕ ರೊಟ್ಟಿ ಮಾಡಿಸುತ್ತಾಳೆ. ನನ್ನ ಸೊಸೆ ಸಿದ್ದೀಕಾನೂ ಅಲ್ಲೇ ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿ ಹೋಗುವುದು ಸಿಂದಗಿಯ ಒಂದು ಹುಡುಗಿಯರ ಹಾಸ್ಟೆಲ್ಲಿಗೆ. ಅಲ್ಲಿ ತೊಂಬತ್ತು ಮಕ್ಕಳು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಸುನೀತಾಳ ಜೋಳ ನನ್ನ ಗಿರಣಿಗೆ ಬರುತ್ತದೆ. ಗಂಡ ಹೋದ ಹೊಸದರಲ್ಲಿ, ಹೆಂಗಸು ಏನು ಬೀಸುತ್ತಾಳೆ ಅಂತ ಊರೆಲ್ಲ ಹಣಮಂತ್ರಾಯನ ಗಿರಣಿಗೆ ಹೊರಳಿದಾಗ, ಮೊದಲ ಚೀಲ ತಂದು ನನ್ನ ಕಟ್ಟೆಯ ಮೇಲೆ ಇಳಿಸಿದವಳು ಅವಳೇ. ಆ ಉಪಕಾರ ನನ್ನ ಕುತ್ತಿಗೆಗೆ ಬಿದ್ದಿತ್ತು.

ಆ ಗುರುವಾರ ಬೆಳಗ್ಗೆ ಎರಡು ದೊಡ್ಡ ಚೀಲ, ಒಂದು ಸಣ್ಣ ಚೀಲ ತಂದಳು. ದೊಡ್ಡ ಚೀಲದ ಬಾಯಿ ಬಿಚ್ಚಿ ಕೈ ಹಾಕಿದೆ. ಕಾಳು ತಣ್ಣಗೆ, ಜಿಗಿಜಿಗಿ. ಅಂಗೈಯಲ್ಲಿ ಹಿಡಿದು ಬೆಳಕಿಗೆ ತಂದರೆ ಕಾಳಿನ ಮೂತಿಯ ತಗ್ಗಿನಲ್ಲಿ ಗುಲಾಬಿ ಬಣ್ಣ ಅಂಟಿಕೊಂಡಿದೆ. ಹೊಲಕ್ಕೆ ಔಷಧ ಹೊಡೆದ ದಿನ ಗಾಳಿಯಲ್ಲಿ ಬರುತ್ತದಲ್ಲ, ಅದೇ ವಾಸನೆ. ಅಂಗಡಿಯಲ್ಲಿ ಮಾರುವ ಬಿತ್ತನೆ ಬೀಜಕ್ಕೆ ಹುಳ ಹತ್ತದಿರಲಿ ಅಂತ ವಿಷ ಸವರಿರುತ್ತಾರೆ. ಯಾರೂ ತಿನ್ನದಿರಲಿ ಅಂತಲೇ ಆ ಕೆಟ್ಟ ಬಣ್ಣ ಹಾಕಿರುತ್ತಾರೆ. ನಮ್ಮ ಕಡೆ ಆ ವಿಷಕ್ಕೆ ಎಣ್ಣಿ ಅನ್ನುತ್ತೇವೆ. ಎಣ್ಣಿ ಹಚ್ಚಿದ ಬೀಜ ಅಂದರೆ ಸಣ್ಣ ಹುಡುಗರಿಗೂ ಗೊತ್ತು.

"ಸುನೀತಾ, ಇದು ಬಿತ್ತೂ ಬೀಜ ಅಲ್ಲೇನ?" ಅಂದೆ.

ಅವಳು ನಾಚಲೂ ಇಲ್ಲ, ಹೆದರಲೂ ಇಲ್ಲ. "ಹೌದ್ರಿ ಚಾಚಿ. ಹಿಂಗಾರಿ ಬಿತ್ತಿಗಿ ಮುಗೀತಲ್ಲ, ಅಂಗಡ್ಯಾಗ ಉಳದಿತ್ತು. ಪುಕ್ಕಟ ಸಿಕ್ಕಾಂಗ ಸಿಕ್ತು. ಐದ ಸಲ ತೊಳದೇನಿ. ಉಪ್ಪಿನ ನೀರಾಗ ಎರಡ ಸಲ, ಅರಿಶಿಣದ ನೀರಾಗ ಒಮ್ಮೆ, ಸಾದಾ ನೀರಾಗ ಎರಡ ಸಲ. ಮಾಳಗಿ ಮ್ಯಾಲ ಹರವಿ ಒಣಗಿಸೇನಿ. ಬಣ್ಣ ಎಲ್ಲಿ ಉಳದೈತಿ ತೋರಸ್ರಿ?"

"ಬಣ್ಣ ಹೋದ್ರ ಎಣ್ಣಿ ಹೋತೇನ?"

"ಅಯ್ಯ, ಬದನಿಕಾಯಿಗೆ ಎಣ್ಣಿ ಹೊಡಿಯೂದಿಲ್ಲೇನ್ರಿ? ದ್ರಾಕ್ಷಿಗೆ ಹೊಡಿಯೂದಿಲ್ಲೇನು? ತೊಳಕೊಂಡ ತಿನ್ನೂದಿಲ್ಲೇನು ನಾವೆಲ್ಲಾ?"

ಇದು ಅವಳೊಬ್ಬಳ ಮಾತಲ್ಲ. ನಮ್ಮ ಊರಿನಲ್ಲಿ ಉಪ್ಪು, ಅರಿಶಿಣ ಹಾಕಿ ತೊಳೆದರೆ ಯಾವ ಮೈಲಿಗೆಯೂ ಉಳಿಯುವುದಿಲ್ಲ ಅಂತ ನಂಬಿದ ಮಂದಿ ಬಹಳ. ಅಷ್ಟೇ ಆಗಿದ್ದರೆ ತಿಳಿಯದವಳು ಅಂತ ಎರಡು ಬೈದು ಸುಮ್ಮನಾಗುತ್ತಿದ್ದೆ. ಆದರೆ ನಾನು ಕೇಳಿದೆ, "ನಿಮ್ಮ ಮನೀಗೂ ಇದನ್ನ ಬೀಸಬೇಕೇನು?"

ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. "ನಮ್ಮ ಮನೀದು ಆ ಸಣ್ಣ ಚೀಲದಾಗ ಬ್ಯಾರೆ ಐತ್ರಿ. ಅದನ್ನ ಮೊದಲ ಬೀಸಿಬಿಡ್ರಿ."

ಮೊದಲು ಬೀಸಬೇಕಂತೆ! ಗಿರಣಿಯ ಸಂಗತಿ ಗೊತ್ತಿದ್ದವರಿಗೆ ಈ ಮಾತು ತಿಳಿಯುತ್ತದೆ. ಒಬ್ಬರದು ಬೀಸಿ ಮುಗಿದರೂ ಕಲ್ಲಿನ ಸಂದಿಯಲ್ಲಿ ಅವರ ಹಿಟ್ಟು ಒಂದು ಬೊಗಸೆ ಉಳಿದೇ ಉಳಿಯುತ್ತದೆ. ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಖಾರ ಬೀಸಿದರೆ ಮಾತ್ರ ಕಲ್ಲು ಬಿಚ್ಚಿ ಒರೆಸುತ್ತೇವೆ. ಜೋಳದ ಮೇಲೆ ಜೋಳ ಬಂದರೆ ಯಾರೂ ತಕರಾರು ಮಾಡುವುದಿಲ್ಲ. ಅಂದರೆ ಆ ಒಂದು ಬೊಗಸೆಯೂ ತನ್ನ ಮಕ್ಕಳ ತಾಟಿಗೆ ಬೀಳಬಾರದು ಅಂತ ಸುನೀತಾ ಮೊದಲೇ ಲೆಕ್ಕ ಹಾಕಿದ್ದಳು. ನನಗೆ ಮೈಯೆಲ್ಲ ಹುಳ ಹರಿದ ಹಾಗಾಯಿತು.

"ನಾ ಬೀಸೂದಿಲ್ಲವಾ ಇದನ್ನ," ಅಂದೆ.

"ಬ್ಯಾಡಂದ್ರ ಬಿಡ್ರಿ. ಹಣಮಂತ್ರಾಯನ ಗಿರಣಿಗೆ ಒಯ್ತೇನಿ. ಅಂವ ಏನೂ ಕೇಳೂದಿಲ್ಲ. ಸಿದ್ದೀಕಾಗೂ ನಾಳಿಂದ ಬರಬ್ಯಾಡಂತ ಹೇಳ್ತೇನಿ."

ನಾನು ಏನು ಮಾಡಿದೆ? ಬೀಸಿದೆ. ಹೌದು, ಬೀಸಿದೆ! ಮೊದಲು ಸಣ್ಣ ಚೀಲ, ಆಮೇಲೆ ಎರಡು ದೊಡ್ಡ ಚೀಲ. ನನ್ನ ಕೆಲಸ ಬೀಸುವುದು, ತಿನ್ನುವವರು ತಿನಿಸುವವರು ನೋಡಿಕೊಳ್ಳಲಿ ಅಂತ ನನಗೆ ನಾನೇ ಹೇಳಿಕೊಂಡೆ. ನಾನು ಬಿಟ್ಟರೂ ಹಣಮಂತ್ರಾಯ ಬೀಸುತ್ತಾನೆ ಅಂತಲೂ ಹೇಳಿಕೊಂಡೆ. ಮೂಗಿಗೆ ಸೆರಗು ಸುತ್ತಿಕೊಂಡು ಬೀಸಿದೆ. ನನ್ನ ಮೂಗು ಉಳಿಯಬೇಕಿತ್ತಲ್ಲ!

ಸುನೀತಾ ಹಿಟ್ಟು ಹೊರಿಸಿಕೊಂಡು ಹೋದಳು. ಅವಳ ಹಿಂದೆಯೇ ಮಾಲಾ ಬಂದಳು. ನಮ್ಮ ಓಣಿಯ ಸೊಸೆ, ಬಗಲಲ್ಲಿ ಹತ್ತು ತಿಂಗಳ ಕೂಸು. ಒಂದು ಪುಟ್ಟಿ ಜೋಳ ಮುಂದಿಟ್ಟು, "ಚಾಚಿ, ನುಣ್ಣಗ ಬೀಸ್ರಿ. ಕೂಸಿಗೆ ಅಂಬಲಿ ಕುಡಸಾಕ ಸುರು ಮಾಡೇನಿ," ಅಂದಳು.

ಪುಟ್ಟಿ ಎತ್ತಿ ಗಿರಣಿಯ ಬಾಯಿಯ ತನಕ ಒಯ್ದೆ. ಕೈ ಮುಂದೆ ಹೋಗಲಿಲ್ಲ. ಕೂಸು ನನ್ನನ್ನೇ ನೋಡುತ್ತ ಬೆರಳು ಚೀಪುತ್ತಿತ್ತು. ಮೂತಿಯ ಸುತ್ತ ಜೊಲ್ಲು. ಸುಯಿಚ್ ಆರಿಸಿಬಿಟ್ಟೆ.

"ಇವತ್ತ ಬ್ಯಾಡವಾ. ಕಲ್ಲ ಚಲೋ ಇಲ್ಲ," ಅಂದೆ.

"ಯಾಕ್ರಿ, ಈಗರೆ ಸುನೀತಕ್ಕಂದು ಬೀಸಿದ್ರಲ್ಲ? ಆಕಿ ಹಿಟ್ಟಿಗೆ ನಡೀತದ, ನಮ್ಮ ಹಿಟ್ಟಿಗೆ ನಡಿಯೂದಿಲ್ಲೇನು?"

ಪಾಪ, ಮಾಲಾ ಸಿಟ್ಟಿನಿಂದ ಕೇಳಿದ್ದಲ್ಲ. ಬೇರೆಯವರ ಕೆಲಸ ಮೊದಲು ಮಾಡಿಕೊಟ್ಟೆ ಅಂತ ಬೇಜಾರು, ಅಷ್ಟೇ. ಪುಟ್ಟಿ ಎತ್ತಿಕೊಂಡು ಹೊರಟುಹೋದಳು. ನಾನು ಮಧ್ಯಾಹ್ನ ಕಳೆಯುವ ತನಕ ಅಲ್ಲೇ ಕೂತುಬಿಟ್ಟೆ. ಕಣ್ಣ ಮುಂದಿನ ಒಂದು ಕೂಸಿಗೆ ಒಂದು ಬೊಗಸೆ ಬೇಡ ಅಂದವಳು ಕಣ್ಣಿಗೆ ಕಾಣದ ತೊಂಬತ್ತು ಹುಡುಗಿಯರಿಗೆ ಎರಡು ಚೀಲ ಬೀಸಿ ಕಳಿಸಿದ್ದೆ! ತೋಬಾ ತೋಬಾ. ಸುನೀತಾಳಿಗೆ ಥೂ ಅನ್ನಲು ನನಗೆ ಯಾವ ಮುಖ? ಅವಳು ಮಾಡಿದ್ದನ್ನೇ ನಾನೂ ಮಾಡಿದ್ದೆ, ಹಲ್ಲು ಕಿರಿಯಲಿಲ್ಲ ಅಷ್ಟೇ.

ಗಿರಣಿಗೆ ಕೀಲಿ ಹಾಕದೆ ಎದ್ದು ಓಡಿದೆ. ಈ ಮೊಣಕಾಲು ಇಟ್ಟುಕೊಂಡು ಓಡಿದೆ. ರೊಟ್ಟಿ ಒಯ್ಯುವ ಟಂಟಂ ಗಾಡಿ ನಾಲ್ಕು ಗಂಟೆಗೆ ಬರುತ್ತದೆ. ಆಗಲೇ ಮೂರು ದಾಟಿತ್ತು.

ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರು. ಗೋಡೆಗುಂಟ ರೊಟ್ಟಿಯ ಗೂಡೆಗಳು. ಸಿದ್ದೀಕಾ ಮುರಿದ ರೊಟ್ಟಿಯ ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಒಯ್ಯುತ್ತಿದ್ದಳು. ಕೈಗೆ ಬಡಿದು ಬೀಳಿಸಿದೆ.

"ಅಮ್ಮಾ, ಏನಾತು?" ಅಂತ ಹೌಹಾರಿದಳು.

"ಯಾರೂ ತಿನ್ನಬ್ಯಾಡ್ರಿ! ಕೈ ತೊಳಕೊಳ್ರಿ ಎಲ್ಲಾರೂ, ಸಾಬಾಣ ಹಚ್ಚಿ ತೊಳಕೊಳ್ರಿ. ಇದು ಎಣ್ಣಿ ಹಚ್ಚಿದ ಬೀಜ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಸುನೀತಾ ಒಳಗಿನಿಂದ ಬಂದಳು. ಈಗ ಅವಳ ಬಾಯಲ್ಲಿ 'ರೀ' ಇರಲಿಲ್ಲ. "ಏ ಮುದುಕಿ, ತಲಿ ಕೆಟ್ಟೈತೇನ? ಬೀಸಿ ಕೊಟ್ಟಾಕಿ ನೀನ ಅಲ್ಲ? ಆವಾಗ ನಿನ್ನ ಬಾಯಾಗ ಏನ ಇತ್ತು?"

ಎಲ್ಲರೂ ನನ್ನ ಮುಖ ನೋಡಿದರು. ಕಾಳು ಕಲ್ಲಿಗೆ ಬಿದ್ದ ಮೇಲೆ ತಿಳಿಯಿತು ಅಂದುಬಿಟ್ಟರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಗೊತ್ತಿದ್ದ ಬೀಸೇನಿ," ಅಂದೆ. "ನಾನೂ ಹಲಕಟ್ಟ ಕೆಲಸಾನ ಮಾಡೇನಿ. ಬೈಯೂದು ಆಮ್ಯಾಲ ಬೈ. ಸಿದ್ದೀಕಾ, ಹಾಸ್ಟೆಲ್ ವಾರ್ಡನ್ ಬಾಯಾರಿಗೆ ಫೋನ್ ಹಚ್ಚು."

ಸುನೀತಾ ಫೋನಿಗೆ ಕೈ ಹಾಕಲು ಬಂದಳು. ರೊಟ್ಟಿ ಬಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು ಅಡ್ಡ ನಿಂತಳು. ಅವಳ ಮುಂಗೈ ತನಕ ಹಸಿ ಹಿಟ್ಟು ಮೆತ್ತಿಕೊಂಡಿತ್ತು. ಇನ್ನೊಬ್ಬಳು ಮೆಲ್ಲಗೆ, "ಮಕ್ಕಳಿಗೆ ಬ್ಯಾಡ, ಎಮ್ಮಿಗೆ ಹಾಕಿದ್ರಾತು," ಅಂದಳು. ಎಮ್ಮೆ ಏನು ಪಾಪ ಮಾಡಿದೆ ಅಂತ ಅವಳ ಮೇಲೂ ಹರಿಹಾಯ್ದೆ. ಅಷ್ಟರಲ್ಲಿ ಫೋನ್ ಹತ್ತಿತು. ಸಿದ್ದೀಕಾ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

ಇವತ್ತಿನ ರೊಟ್ಟಿ ತಗೊಳ್ಳಬೇಡಿ, ವಿಷ ಹಚ್ಚಿದ ಬೀಜದ್ದು ಅಂದೆ. ವಾರ್ಡನ್ ಬಾಯಿ, ಅಂದರೆ ಮೇಡಂ, "ಸೋಮವಾರದ್ದು?" ಅಂತ ಕೇಳಿದರು.

ನಾನು ಸುನೀತಾಳ ಕಡೆ ನೋಡಿದೆ. ಅವಳು ಮುಖ ತಿರುಗಿಸಿದಳು.

"ಮಂಗಳವಾರ ಉಂಡ ಮ್ಯಾಲ ಹನ್ನೊಂದ ಹುಡಿಗ್ಯಾರು ವಾಂತಿ ಮಾಡ್ಕೊಂಡ್ರು. ನಾವು ಟಾಕಿ ನೀರಿಂದ ಅಂತ ತಿಳ್ಕೊಂಡ್ವಿ," ಅಂದರು ವಾರ್ಡನ್ ಬಾಯಿ. "ಹತ್ತ ಮಂದಿ ಆರಾಮಾದ್ರು. ಶಿವಲೀಲಾ ಅಂತ ಆರನೇ ಕ್ಲಾಸಿನ ಹುಡುಗಿ ಇನ್ನೂ ದವಾಖಾನ್ಯಾಗ ಅದಾಳ. ನಾ ಆಕಿ ಬಾಜೂಕ ಅದೇನಿ. ಏನಾಗೇತಿ ಅಂತ ಡಾಕ್ಟರಗೂ ತಿಳಿವಲ್ದು. ಫೋನ್ ಇಡಬ್ಯಾಡ್ರಿ."

ಡಾಕ್ಟರ ಫೋನಿಗೆ ಬಂದು, ಬೀಜದ ಪಾಕೀಟಿನ ಮೇಲೆ ಯಾವ ಔಷಧದ ಹೆಸರಿದೆ, ಓದಿ ಅಂದರು. ಸುನೀತಾ ಅಲುಗಲಿಲ್ಲ. "ಪಾಕೀಟ ಎಲ್ಲಿ ಅದಾವ?" ಅಂತ ಸಿದ್ದೀಕಾ ಚೀರಿದಳು. ನನ್ನ ಸೊಸೆ ಒಡತಿಯ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಆಮೇಲೆ ಸುನೀತಾ ಒಳಗೆ ಹೋಗಿ ಖಾಲಿ ಪಾಕೀಟು ತಂದು, ಔಷಧದ ಹೆಸರು ತೊದಲುತ್ತ ಓದಿದಳು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, ತಿನ್ನಲು ಬಳಸಬಾರದು, ದನಗಳಿಗೂ ಹಾಕಬಾರದು ಅಂತ ಕನ್ನಡದಲ್ಲೇ ಬರೆದಿತ್ತು. ಅದನ್ನೂ ಓದಿಸಿದರು.

"ಮೊದಲ ಓದಿರಲಿಲ್ಲೇನ್ರಿ ಇದನ್ನ?" ಡಾಕ್ಟರ ಕೇಳಿದರು.

"ಓದಿದ್ದೆನ್ರಿ," ಅಂದಳು ಸುನೀತಾ. ಒಂದು ಹೆಂಗಸು ಅಲ್ಲೇ ಕೂತು ವಾಂತಿ ಮಾಡಿಕೊಂಡಳು. ಬೆಳಗಿನಿಂದ ಅವಳೂ ಮೂರು ರೊಟ್ಟಿ ತಿಂದಿದ್ದಳಂತೆ. ರೊಟ್ಟಿ ತಿಂದವರೆಲ್ಲ ತಡ ಮಾಡದೆ ದವಾಖಾನೆಗೆ ಬರಬೇಕು, ಹಿಟ್ಟು ಒಂದು ಹಿಡಿ ಕಟ್ಟಿ ತರಬೇಕು, ಉಳಿದದ್ದನ್ನು ಯಾರೂ ಮುಟ್ಟಬಾರದು ಅಂತ ಹೇಳಿ ಡಾಕ್ಟರ ಲಗುಬಗೆಯಲ್ಲಿ ಹೋದರು.

ವಾರ್ಡನ್ ಬಾಯಿ ಅಳುತ್ತಿದ್ದರು. "ಶಿವಲೀಲಾ ಒಬ್ಬಾಕಿನ ಹೇಳಿದ್ಲ್ರಿ, ರೊಟ್ಟಿ ಕಹಿ ಐತಿ ಅಂತ. ನಾಟಕ ಮಾಡಬ್ಯಾಡ ಅಂತ ಬೈದು, ಎದುರಿಗೆ ಕುಂತು ತಿನಿಸಿದಾಕಿ ನಾನು." ಅಷ್ಟರಲ್ಲಿ ಒಂದು ಸಣ್ಣ ದನಿ ಕೇಳಿತು. ಹುಡುಗಿ ಫೋನು ಇಸಿದುಕೊಂಡಿರಬೇಕು.

"ಅಜ್ಜಿ, ರೊಟ್ಟಿ ಕಹಿ ಇತ್ತಲ್ರಿ? ನಾ ಸುಳ್ಳ ಹೇಳಿರಲಿಲ್ಲಲ್ರಿ?"

"ಇಲ್ಲವ್ವ. ಖರೇನ ಹೇಳಿದ್ದಿ. ಕಹಿನ ಇತ್ತು."

"ನಿಮಗ ಹೆಂಗ ಗೊತ್ತಾತ್ರಿ? ನೀವೂ ತಿಂದಿದ್ರೇನು?"

ಬೀಸುವ ಮೊದಲು ಎರಡು ಕಾಳು ಹಲ್ಲಿಗೆ ಹಾಕಿ ನೋಡುವುದು ಗಿರಣಿಯವರ ರೂಢಿ. ಸೋಮವಾರವೂ ಹಾಕಿದ್ದೆ. ಇದನ್ನು ಗುರುವಾರದ ತನಕ ನಾನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ರೊಟ್ಟಿ ಬಡಿಯುವ ಹೆಂಗಸರು, ಸುನೀತಾ, ನನ್ನ ಸೊಸೆ, ಎಲ್ಲರೂ ಕೇಳುತ್ತಿದ್ದರು.

"ಇಲ್ಲವ್ವ, ತಿನ್ನಲಿಲ್ಲ," ಅಂದೆ. "ಬಾಯಾಗ ಹಾಕ್ಕೊಂಡ ಕೂಡ್ಲೆ ಉಗುಳಿದೆ. ಉಗುಳಿ, ನಿನಗ ಬೀಸಿ ಕಳಿಸಿದೆ."

"ತಗೊಳ್ರಿ ಬಾಯಾರ," ಅಂದಳು ಹುಡುಗಿ. ಫೋನು ವಾರ್ಡನ್ ಬಾಯಿಗೆ ವಾಪಸು ಕೊಟ್ಟಳು.